ಮೇಷ್ಟ್ರು, ಮಿಸ್ ಮತ್ತು ಪರದೆ: ನಮ್ಮ ಮನೆಯ ಟ್ಯೂಷನ್ ಲೆಕ್ಕ

ಐವತ್ತೆರಡರಲ್ಲಿ ಇಪ್ಪತ್ತೆಂಟು ಕಳೆದರೆ ಎಷ್ಟು? ಎರಡನೆಯ ತರಗತಿಯಲ್ಲಿದ್ದ ನನ್ನ ಮಗನ ಉತ್ತರ ಮೂವತ್ತಾರು. ಒಂದು ಸಲ ತಪ್ಪಿದ್ದಲ್ಲ, ಕೇಳಿದಾಗಲೆಲ್ಲ ಮೂವತ್ತಾರು. ನಾನು ತಿದ್ದಿದ ದಿನ ಇಪ್ಪತ್ತನಾಲ್ಕು ಎನ್ನುತ್ತಿದ್ದ, ಮರುದಿನ ಮತ್ತೆ ಮೂವತ್ತಾರಕ್ಕೆ ಮರಳುತ್ತಿದ್ದ. ನಮ್ಮ ಮನೆಗೆ ಟ್ಯೂಷನ್ ಬಂದದ್ದು ಈ ಮೂವತ್ತಾರರ ಬೆನ್ನು ಹತ್ತಿ.

ನಮ್ಮದು ಮೈಸೂರಿನ ಕುವೆಂಪುನಗರ. ನನಗೆ ವಿಮಾ ಕಚೇರಿಯಲ್ಲಿ ಕೆಲಸ, ಯಜಮಾನರಿಗೆ ನಂಜನಗೂಡಿನ ಕಾರ್ಖಾನೆಯಲ್ಲಿ ಪಾಳಿ. ಸಂಜೆ ಆರೂವರೆಯವರೆಗೆ ಮನೆಯಲ್ಲಿ ಮಕ್ಕಳೊಂದಿಗೆ ಇರುವವರು ಅತ್ತೆಯೊಬ್ಬರೇ. 2023ರ ಜೂನ್‌ನಲ್ಲಿ ಮಗಳು ನಾಲ್ಕನೆಯ ತರಗತಿಗೆ, ಮಗ ಎರಡನೆಯದಕ್ಕೆ ಬಂದರು. ಇಬ್ಬರದೂ ರಾಜ್ಯ ಪಠ್ಯಕ್ರಮ, ಇಂಗ್ಲಿಷ್ ಮಾಧ್ಯಮ. ಅಲ್ಲಿಂದ 2025ರ ಮಾರ್ಚ್‌ವರೆಗೆ ಮೂರು ಬಗೆಯ ಪಾಠ ಹಾಕಿ ನೋಡಿದೆವು: ಪಕ್ಕದ ರಸ್ತೆಯ ಮಿಸ್ ಮನೆಯ ಗುಂಪು, ಆನ್‌ಲೈನ್‌ನಲ್ಲಿ ಒಬ್ಬರಿಗೊಬ್ಬರು, ಮನೆಗೇ ಬಂದು ಹೇಳಿಕೊಡುವ ನಿವೃತ್ತ ಮೇಷ್ಟ್ರು.

ನಾಲ್ಕನೆಯ ಬಗೆಯೂ ಒಂದು ಸಿಕ್ಕಿತ್ತು. ಮಗಳ ಶಾಲೆಯ ಶಿಕ್ಷಕಿಯೊಬ್ಬರು ಸಂಜೆ ತಮ್ಮ ಮನೆಯಲ್ಲೇ ಪಾಠ ಮಾಡುತ್ತಾರೆಂದು ಇತರ ತಾಯಂದಿರು ಹೇಳಿದರು. ಶಾಲೆಯಲ್ಲಿ ಅಂಕ ಹಾಕುವ ಕೈಗೇ ಸಂಜೆ ಶುಲ್ಕವನ್ನೂ ಇಡುವುದು ನನಗೆ ಒಗ್ಗಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವುದನ್ನು ನಿಷೇಧಿಸುತ್ತದೆ. ಇದನ್ನು ಹೇಳಿದಾಗ ಆ ತಾಯಂದಿರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಮೊದಲು ಹಣದ ಮಾತು ಮುಗಿಸಿಬಿಡುತ್ತೇನೆ. ಮಿಸ್ ಮನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ 600 ರೂಪಾಯಿ, ವಾರಕ್ಕೆ ಐದು ದಿನ, ದಿನಕ್ಕೆ ಒಂದೂವರೆ ಗಂಟೆ. ಗಂಟೆಗೆ ಭಾಗಿಸಿದರೆ ಸುಮಾರು 18 ರೂಪಾಯಿ. ಮೇಷ್ಟ್ರಿಗೆ ಇಬ್ಬರೂ ಮಕ್ಕಳಿಗೆ ಸೇರಿ ತಿಂಗಳಿಗೆ 4,000, ವಾರಕ್ಕೆ ನಾಲ್ಕು ದಿನ ಒಂದೊಂದು ಗಂಟೆ, ಅಂದರೆ ಗಂಟೆಗೆ 250. ಆನ್‌ಲೈನ್‌ನಲ್ಲಿ 48 ತರಗತಿಗಳ ಕಟ್ಟಿಗೆ 28,000 ಎಂದರು. ಬಿಲ್ ಬಂದಾಗ ಶೇ 18ರ ಜಿಎಸ್‌ಟಿ ಸೇರಿ 33,040 ಆಗಿತ್ತು. ನಲವತ್ತು ನಿಮಿಷದ ಒಂದು ತರಗತಿಗೆ 688 ರೂಪಾಯಿ, ಗಂಟೆಗೆ ಸಾವಿರಕ್ಕೂ ಮೇಲೆ. ಬೆಲೆಯೊಂದನ್ನೇ ನೋಡುವುದಾದರೆ ಹೋಲಿಕೆ ಇಲ್ಲಿಗೇ ಮುಗಿಯುತ್ತದೆ. ಆದರೆ ಹದಿನೆಂಟು ರೂಪಾಯಿಗೆ ಏನು ಸಿಗುತ್ತದೆ, ಸಾವಿರಕ್ಕೆ ಏನು ಸಿಗುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ನಿಧಾನವಾಗಿ.

ಮಿಸ್ ಮನೆಯ ಜಗಲಿಯಲ್ಲಿ ಜಮಖಾನ ಹಾಸಿ ಹದಿನಾಲ್ಕು ಮಕ್ಕಳು ಕೂರುತ್ತಿದ್ದರು. ಒಂದನೆಯ ತರಗತಿಯಿಂದ ಏಳನೆಯದರವರೆಗೆ ಎಲ್ಲರೂ ಒಟ್ಟಿಗೆ. ಅಲ್ಲಿ ನಡೆಯುತ್ತಿದ್ದುದು ಪಾಠವಲ್ಲ, ಹೋಂವರ್ಕ್ ವಿಲೇವಾರಿ. ಹಾಗೆಂದು ಹೀಗಳೆಯುವಂತೆಯೂ ಇಲ್ಲ. ನಾನು ಕಚೇರಿಯಿಂದ ಬರುವ ಹೊತ್ತಿಗೆ ಎರಡೂ ಡೈರಿಗಳಲ್ಲಿ ಎಲ್ಲದಕ್ಕೂ ಟಿಕ್ ಬಿದ್ದಿರುತ್ತಿತ್ತು, ರಾತ್ರಿ ಊಟಕ್ಕೆ ಮುಂಚಿನ ಜಗಳ ನಿಂತಿತು. ಆ ನೆಮ್ಮದಿಗೆ 1,200 ರೂಪಾಯಿ ಹೆಚ್ಚೇನಲ್ಲ. ಇನ್ನೊಂದು ಲಾಭವನ್ನು ನಾನು ಎಣಿಸಿಯೇ ಇರಲಿಲ್ಲ. ಕೊನೆಯ ಕಾಲು ಗಂಟೆ ಎಲ್ಲ ಮಕ್ಕಳೂ ಒಕ್ಕೊರಲಿನಲ್ಲಿ ಕನ್ನಡದಲ್ಲಿ ಮಗ್ಗಿ ಹೇಳುತ್ತಿದ್ದರು. ಶಾಲೆಯಲ್ಲಿ ಇಂಗ್ಲಿಷಿನ ಮಗ್ಗಿಯಲ್ಲಿ ನಾಲ್ಕರ ಸಾಲಿಗೇ ತಡವರಿಸುತ್ತಿದ್ದ ಮಗ, ಆ ರಾಗದ ಹಿಂದೆ ಹೋಗಿ ಮೂರೇ ತಿಂಗಳಲ್ಲಿ ಏಳರವರೆಗೆ ಹೇಳತೊಡಗಿದ. ಯಾರೂ ಅವನಿಗೆಂದು ಕಲಿಸಲಿಲ್ಲ, ಆರನೆಯ ತರಗತಿಯ ಹುಡುಗರ ಪಕ್ಕ ಕೂತಿದ್ದಷ್ಟೇ.

ಆದರೆ ಮೂವತ್ತಾರು ಅಲ್ಲೇ ಇತ್ತು. ನೋಟ್‌ಬುಕ್‌ನಲ್ಲಿ ಮಾತ್ರ ಕಾಣುತ್ತಿರಲಿಲ್ಲ. ಹದಿನಾಲ್ಕು ಮಕ್ಕಳ ನಡುವೆ ಒಬ್ಬನ ಲೆಕ್ಕ ಯಾಕೆ ತಪ್ಪಿತೆಂದು ವಿಚಾರಿಸಲು ಯಾರಿಗೆ ಪುರಸೊತ್ತಿದೆ? ಮಿಸ್ ಅದನ್ನು ಅಳಿಸಿ ಸರಿ ಉತ್ತರ ಹೇಳುತ್ತಿದ್ದರು, ಇವನು ಬರೆದುಕೊಳ್ಳುತ್ತಿದ್ದ. ಮಗಳ ಪರಿಸರ ಅಧ್ಯಯನದ ಉತ್ತರಗಳು ಗೈಡಿನಿಂದ ಇಳಿದು ಬರುತ್ತಿದ್ದವು. ಒಂದು ಭಾನುವಾರ ಅವಳು ಒಪ್ಪವಾಗಿ ಬರೆದಿದ್ದ ಉತ್ತರದ ಒಂದು ಪದದ ಅರ್ಥ ಕೇಳಿದೆ. ‘ಅದು ಗೊತ್ತಿಲ್ಲಮ್ಮ, ಆದರೆ ಆ ಉತ್ತರಕ್ಕೆ ಎರಡು ಅಂಕ’ ಎಂದಳು. ದಸರಾ ರಜೆಗೆ ಗುಂಪು ಮುಚ್ಚಿತು. ನಾವು ಮತ್ತೆ ಸೇರಿಸಲಿಲ್ಲ.

ಆನ್‌ಲೈನ್ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಅಳುಕಿತ್ತು. ಮಗಳು ಒಂದನೆಯ ತರಗತಿಗೆ ಸೇರಿದ್ದು 2020ರಲ್ಲಿ. ಆ ಜೂನ್‌ನಲ್ಲಿ ರಾಜ್ಯ ಸರ್ಕಾರ ಪುಟ್ಟ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡ ಎಂದಿತು, ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆ ಎಳೆದಾಟದ ನಡುವೆ ನಮ್ಮ ಹುಡುಗಿ ಅಕ್ಷರ ಕಲಿತದ್ದು ಅಂಗೈಯಗಲದ ಮೊಬೈಲಿನಲ್ಲಿ. ಅವಳ ಇಂಗ್ಲಿಷ್ ಓದು ಕುಂಟಲು ಅದೇ ಕಾರಣ ಎಂದು ನಾನು ನಂಬಿದ್ದೆ. ಹಾಗಿದ್ದೂ ಯಜಮಾನರ ಒತ್ತಾಯಕ್ಕೆ ಉಚಿತ ಮಾದರಿ ತರಗತಿಯೊಂದನ್ನು ನೋಡಿದೆವು. ತರಗತಿ ಚೆನ್ನಾಗಿತ್ತು. ಅದು ಮುಗಿದ ಮೇಲೆ ಬಂದ ಕರೆಗಳು ಚೆನ್ನಾಗಿರಲಿಲ್ಲ. ‘ನಿಮ್ಮ ಮಗು ಈಗಾಗಲೇ ಹಿಂದುಳಿದಿದೆ ಮೇಡಂ’ ಎಂಬುದರಿಂದ ಶುರುವಾಗಿ ‘ಈ ರಿಯಾಯಿತಿ ಇವತ್ತು ರಾತ್ರಿ ಹನ್ನೆರಡರವರೆಗೆ ಮಾತ್ರ’ ಎಂಬುದರವರೆಗೆ ನಾಲ್ಕು ದಿನ ಅದೇ ಪಲ್ಲವಿ. ಐದನೆಯ ದಿನವೂ ಅದೇ ರಿಯಾಯಿತಿ ಜೀವಂತವಾಗಿಯೇ ಇತ್ತು. ಕಂತಿನ ಸಾಲ ಬೇಡವೆಂದು ಪೂರ್ತಿ ಹಣ ಕಟ್ಟಿದೆವು. ಮಗಳಿಗೆ 24 ಇಂಗ್ಲಿಷ್ ತರಗತಿ, ಮಗನಿಗೆ 24 ಗಣಿತ.

ಮಗಳ ವಿಷಯದಲ್ಲಿ ನನ್ನ ಅಳುಕು ಸುಳ್ಳಾಯಿತು. ಅವಳ ಶಿಕ್ಷಕಿ ಲಕ್ನೋದವರು, ಕನ್ನಡದ ಒಂದು ಪದವೂ ಬಾರದು, ಅದೇ ಒಳ್ಳೆಯದಾಯಿತು. ನಲವತ್ತು ಮಕ್ಕಳ ಶಾಲೆಯ ಕೋಣೆಯಲ್ಲಿ ಗಟ್ಟಿಯಾಗಿ ಓದುವ ಸರದಿ ಇವಳಿಗೆ ವಾರಕ್ಕೊಮ್ಮೆ ಬಂದರೆ ಹೆಚ್ಚು, ಬಂದಾಗ ತಪ್ಪಿದರೆ ಹಿಂದಿನ ಬೆಂಚು ನಗುತ್ತಿತ್ತು. ಇಲ್ಲಿ ನಲವತ್ತು ನಿಮಿಷ ಪೂರ್ತಿ ಅವಳದೇ ಓದು. ನಗುವವರಿಲ್ಲ, ತಪ್ಪಿಗೆ ಸಾಕ್ಷಿಗಳಿಲ್ಲ. ಒಂದು ಪುಟಕ್ಕೆ ಹದಿಮೂರು ಕಡೆ ನಿಲ್ಲುತ್ತಿದ್ದವಳು ಸಂಕ್ರಾಂತಿಯ ಹೊತ್ತಿಗೆ ಎರಡು ಮೂರು ಕಡೆ ನಿಲ್ಲುವಂತಾದಳು. ತರಗತಿಯ ಧ್ವನಿಮುದ್ರಿಕೆ ಸಿಗುತ್ತಿದ್ದುದರಿಂದ ಅಡುಗೆ ಮಾಡುತ್ತ ನಾನೂ ಕೇಳಬಹುದಿತ್ತು.

ಮಗನ ಕಥೆಯೇ ಬೇರೆ. ಲ್ಯಾಪ್‌ಟಾಪಿನ ಕ್ಯಾಮೆರಾ ಅವನ ಮುಖವನ್ನು ನೋಡುತ್ತಿತ್ತು, ಕೈಯನ್ನಲ್ಲ. ಲೆಕ್ಕ ಪರದೆಯ ಮೇಲೆ ಬರುತ್ತದೆ, ಇವನು ಚೌಕದಲ್ಲಿ ಉತ್ತರ ಒತ್ತಬೇಕು. ತಪ್ಪಾದರೆ ಕೆಂಪು, ಸರಿಯಾದರೆ ಹಸಿರು, ಜತೆಗೆ ಒಂದಿಷ್ಟು ನಕ್ಷತ್ರಗಳ ಸುರಿಮಳೆ. 36 ಒತ್ತಿದ, ಕೆಂಪಾಯಿತು. 34 ಒತ್ತಿದ, ಕೆಂಪು. 26, ಕೆಂಪು. 24, ನಕ್ಷತ್ರ! ಶಿಕ್ಷಕಿ ಚಪ್ಪಾಳೆ ತಟ್ಟಿದರು. ತಿಂಗಳ ವರದಿಯಲ್ಲಿ ಕಳೆಯುವ ಲೆಕ್ಕಕ್ಕೆ ಶೇ 92 ಎಂದು ಬಂತು. ವರದಿ ನನ್ನ ಕೈಯಲ್ಲಿರುವಾಗಲೇ ಸ್ಲೇಟಿನ ಮೇಲೆ ಬರೆಸಿ ನೋಡಿದೆ. ಮೂವತ್ತಾರು.

ಕನ್ನಡದ ಮಾತಂತೂ ಕೇಳಲೇಬೇಡಿ. 2015ರ ಕಾಯ್ದೆ ಬಂದಮೇಲೆ ನಮ್ಮ ರಾಜ್ಯದ ಶಾಲೆಗಳಲ್ಲಿ ಕನ್ನಡ ಕಡ್ಡಾಯ ವಿಷಯ. ಆದರೆ ನಾವು ಹಣ ಕಟ್ಟಿದ ಕಂಪನಿಯ ಪಟ್ಟಿಯಲ್ಲಿ ಇಂಗ್ಲಿಷ್, ಗಣಿತ, ಕೋಡಿಂಗ್, ಚೆಸ್ ಎಲ್ಲ ಇದ್ದವು, ಕನ್ನಡ ಇರಲಿಲ್ಲ. ಎರಡನೆಯ ತರಗತಿಯ ಮಗುವಿಗೆ ಕೋಡಿಂಗ್ ಯಾಕೆಂದು ಕೇಳಿದ್ದಕ್ಕೆ ಮಾರಾಟದ ಹುಡುಗ ಕೊಟ್ಟ ಭಾಷಣವನ್ನು ಇಲ್ಲಿ ಬರೆಯುವುದಿಲ್ಲ.

ಹನ್ನೊಂದು ತರಗತಿಯಾದ ಮೇಲೆ ಮಗನ ಪಾಠ ನಿಲ್ಲಿಸಿ, ಉಳಿದ ಹದಿಮೂರರ ಹಣ ಕೇಳಿದೆ. ಕೊಡಲು ಬರುವುದಿಲ್ಲ ಎಂದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಮೇಲೆ ಆ ಹದಿಮೂರನ್ನು ಮಗಳ ಹೆಸರಿಗೆ ಬದಲಾಯಿಸಿಕೊಡಲು ಒಪ್ಪಿದರು. ಹೀಗಾಗಿ ಅವಳಿಗೆ ಒಟ್ಟು 37 ತರಗತಿ ಸಿಕ್ಕವು. ಅವಳ ಓದು ಸುಧಾರಿಸಿದ್ದರಲ್ಲಿ ಈ ಜಗಳದ ಪಾಲೂ ಇದೆ.

ನಡುವೆ ಬೇಸಿಗೆ ರಜೆಯಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಮೊಬೈಲಿಗೆ ತೋರಿಸಿ, ಸರ್ಕಾರದ ಉಚಿತ ಪಾಠಗಳ ಜಾಲತಾಣವಾದ ದೀಕ್ಷಾದ ವಿಡಿಯೊಗಳನ್ನೂ ಹಾಕಿ ನೋಡಿದೆ. ಖರ್ಚಿಲ್ಲ, ಪಾಠವೂ ಶಾಲೆಯ ಪುಸ್ತಕದ್ದೇ. ಪಕ್ಕದಲ್ಲಿ ದೊಡ್ಡವರು ಕೂತರೆ ಉಪಯೋಗವಿದೆ. ಕೂರದಿದ್ದರೆ ಎರಡನೆಯ ನಿಮಿಷಕ್ಕೆ ಮೊಬೈಲಿನಲ್ಲಿ ಬೇರೇನೋ ಓಡುತ್ತಿರುತ್ತದೆ.

ಮೇಷ್ಟ್ರು ಬಂದದ್ದು 2024ರ ಜೂನ್‌ನಲ್ಲಿ. ಎಪ್ಪತ್ತರ ಆಸುಪಾಸು, ಸರ್ಕಾರಿ ಶಾಲೆಯಿಂದ ನಿವೃತ್ತರು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಬಹಳ ವರ್ಷ ಇದ್ದವರು. ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ-ಕಲಿ 1995ರಲ್ಲಿ ಮೊದಲು ಶುರುವಾದದ್ದು ಆ ತಾಲ್ಲೂಕಿನಲ್ಲೇ ಎಂಬ ಹೆಮ್ಮೆ ಅವರ ಮಾತಿನಲ್ಲಿ ಆಗಾಗ ಇಣುಕುತ್ತಿತ್ತು. ಮೊದಲ ದಿನ ಪುಸ್ತಕ ತೆಗೆಯಲೇ ಇಲ್ಲ. ಮಗನಿಗೆ ಐವತ್ತೆರಡರ ಲೆಕ್ಕ ಕೊಟ್ಟು, ಕನ್ನಡಕ ಏರಿಸಿಕೊಂಡು ಅವನ ಪೆನ್ಸಿಲನ್ನೇ ನೋಡುತ್ತ ಕೂತರು. ಬಾಯಿ ಬಿಡಲಿಲ್ಲ. ಉತ್ತರ ಬರೆದ ಮೇಲೆ ನನ್ನ ಕಡೆ ತಿರುಗಿ, ‘ನೋಡಮ್ಮ, ಇವನು ಎಡಗಡೆಯಿಂದ ಶುರು ಮಾಡುತ್ತಾನೆ. ಮೊದಲು ಐದರಲ್ಲಿ ಎರಡು ಕಳೆದು ಮೂರು ಬರೆದ. ಆಮೇಲೆ ಎರಡರಲ್ಲಿ ಎಂಟು ಹೋಗುವುದಿಲ್ಲ ಎಂದು ಗೊತ್ತಾಯಿತು. ಅಷ್ಟರಲ್ಲಿ ಮೂರು ಬರೆದಾಗಿದೆ, ಅಳಿಸಲು ಮನಸ್ಸಿಲ್ಲ. ಎಂಟರಲ್ಲಿ ಎರಡು ಕಳೆದು ಆರು ಬರೆದ’ ಎಂದರು.

ಒಂದು ವರ್ಷ, ಇಬ್ಬರು ಶಿಕ್ಷಕಿಯರು, ಒಂದು ಶೇ 92ರ ವರದಿ, ಮೇಲೆ ತಾಯಿಯಾದ ನಾನು. ಯಾರೂ ಅವನ ಕೈಯನ್ನು ನೋಡಿರಲಿಲ್ಲ.

ಅವರ ಮದ್ದು ಅತ್ತೆಯ ಪೂಜೆಯ ಡಬ್ಬಿಯಲ್ಲಿತ್ತು. ಊದುಬತ್ತಿ ಉರಿದು ಉಳಿದ ಕಡ್ಡಿಗಳನ್ನು ಹತ್ತುಹತ್ತರಂತೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಸಿದರು. ಐದು ಕಟ್ಟು, ಎರಡು ಬಿಡಿ ಕಡ್ಡಿ. ‘ಇದರಲ್ಲಿ ಎಂಟು ಬಿಡಿ ಕಡ್ಡಿ ಕೊಡು ಮರಿ.’ ಇವನು ಎರಡು ಕೊಟ್ಟು ಕೈ ಚಾಚಿ ಕೂತ. ಐದು ನಿಮಿಷ ಇಬ್ಬರೂ ಸುಮ್ಮನಿದ್ದರು. ನನಗೇ ತಡೆಯಲಾಗದೆ ಬಾಯಿ ಹಾಕಲು ಹೋದರೆ ಮೇಷ್ಟ್ರು ಕೈ ಅಡ್ಡ ಮಾಡಿದರು. ಕೊನೆಗೆ ಹುಡುಗ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿದ. ಆ ವಾರದ ಕೊನೆಗೆ ಮೂವತ್ತಾರು ನಮ್ಮ ಮನೆಯಿಂದ ಹೋಯಿತು.

ಕನ್ನಡದಲ್ಲೂ ಅಷ್ಟೇ. ಮಗಳು ಉಕ್ತಲೇಖನದಲ್ಲಿ ‘ಧನ’ ಎಂಬಲ್ಲಿ ‘ದನ’ ಬರೆದು ಸಂಪತ್ತನ್ನು ಕೊಟ್ಟಿಗೆಗೆ ಕಟ್ಟುತ್ತಿದ್ದಳು. ಉಚ್ಚಾರದಲ್ಲಿ ನಾವ್ಯಾರೂ ಹೊಟ್ಟೆ ಸೀಳುವುದಿಲ್ಲವಲ್ಲ, ಮಗುವಿಗೆ ಕೇಳಿಸುವುದು ಹೇಗೆ? ಮೇಷ್ಟ್ರು ಮಹಾಪ್ರಾಣ ಹೇಳುವಾಗ ಬಾಯಿಯ ಮುಂದೆ ಅಂಗೈ ಹಿಡಿಸಿ ಉಸಿರು ತಾಗುವುದನ್ನು ತೋರಿಸಿದರು. ಪರದೆಯ ಆಚೆಯಿಂದ ಆಗುವ ಕೆಲಸವಲ್ಲ ಅದು.

ಮೇಷ್ಟ್ರಿಗೂ ದೋಷಪಟ್ಟಿ ಇದೆ, ಉದ್ದವೇ ಇದೆ. ಮದುವೆಯ ದಿನಗಳಲ್ಲಿ ವಾರಕ್ಕೆ ಎರಡು ದಿನ ಬಂದರೆ ಪುಣ್ಯ, ರಜೆಗೆ ಮುನ್ಸೂಚನೆಯಿಲ್ಲ, ಸಂಬಳದಲ್ಲಿ ಕಡಿತವೂ ಇಲ್ಲ. ಕಾಫಿಗೆ ಹತ್ತು ನಿಮಿಷ, ಹೆಗ್ಗಡದೇವನಕೋಟೆಯ ಕಾಡಾನೆಗಳ ಕಥೆಗೆ ಹದಿನೈದು. ಭಾಗಾಕಾರವನ್ನು ತಮ್ಮ ಹಳೆಯ ಕ್ರಮದಲ್ಲಿ ಕಲಿಸಿದರು. ಉತ್ತರ ಸರಿಯಿದ್ದರೂ ಶಾಲೆಯಲ್ಲಿ ಕೆಂಪು ಗೆರೆ ಬಿತ್ತು, ಮಗಳು ಅತ್ತಳು. ಇಂಗ್ಲಿಷ್ ಪಾಠವನ್ನು ಅವರು ಪದಪದಕ್ಕೂ ಕನ್ನಡಕ್ಕೆ ತಿರುಗಿಸುತ್ತಿದ್ದರು, ಆ ಗಂಟೆಯಲ್ಲಿ ಮಗಳು ಗಟ್ಟಿಯಾಗಿ ಒಂದು ವಾಕ್ಯವನ್ನೂ ಓದುತ್ತಿರಲಿಲ್ಲ. ಹೋಂವರ್ಕ್ ತಮ್ಮ ಕೆಲಸವಲ್ಲ ಎಂದು ಮೊದಲೇ ಹೇಳಿದ್ದರಿಂದ ರಾತ್ರಿಯ ಜಗಳ ಮತ್ತೆ ನನ್ನ ಪಾಲಿಗೆ ಬಂತು. ಇನ್ನು ಒಂದು ಕಟ್ಟುನಿಟ್ಟು ನಮ್ಮದೇ. ಮೇಷ್ಟ್ರು ಎಷ್ಟೇ ದೊಡ್ಡವರಿರಲಿ, ಪಾಠ ನಡುಮನೆಯಲ್ಲಿ, ಬಾಗಿಲು ತೆರೆದು, ಅತ್ತೆಯ ಕಣ್ಣಳತೆಯಲ್ಲಿ. ಮೊದಲ ದಿನವೇ ಹೇಳಿದೆ, ಅವರು ಬೇಸರಿಸಲಿಲ್ಲ. ಬೇಸರಿಸುವವರಾಗಿದ್ದರೆ ಎರಡನೆಯ ದಿನ ಬರುವುದು ಬೇಡ ಎನ್ನುತ್ತಿದ್ದೆ.

ಯಾವ ಟ್ಯೂಷನ್ ಒಳ್ಳೆಯದೆಂದು ಕಚೇರಿಯಲ್ಲಿ ಕೇಳುವವರಿಗೆ ನಾನು ಈಗ ಕೇಳುವ ಮರುಪ್ರಶ್ನೆ ಒಂದೇ: ಮಗು ತಪ್ಪುತ್ತಿರುವುದು ಎಲ್ಲಿ, ಬಾಯಲ್ಲೋ ಕೈಯಲ್ಲೋ? ಓದಲು, ಮಾತಾಡಲು ಹಿಂಜರಿಕೆಯಿದ್ದರೆ ಪರದೆ ಸಾಕು, ಒಂದು ಮಗುವಿಗೆ ಒಬ್ಬರೇ ಶಿಕ್ಷಕರಿರಬೇಕು, ತರಗತಿಗಳ ಕಟ್ಟನ್ನು ಸಣ್ಣದಾಗಿ ಕೊಳ್ಳಬೇಕು. ಬರವಣಿಗೆ, ಲೆಕ್ಕ, ಕಾಗುಣಿತ, ಒತ್ತಕ್ಷರಗಳಾದರೆ ಪಕ್ಕದಲ್ಲಿ ಕೂತು ಪೆನ್ಸಿಲ್ ನೋಡುವವರು ಬೇಕು, ಅವರಿಗೆ ಡಿಗ್ರಿ ಎಷ್ಟಿದೆ ಎಂಬುದು ಆಮೇಲಿನ ಮಾತು. ತಂದೆತಾಯಿ ತಡವಾಗಿ ಬರುವುದೊಂದೇ ತೊಂದರೆಯಾದರೆ ಮಿಸ್ ಮನೆಯ ಜಗಲಿಯೇ ಸರಿ, ಅದಕ್ಕೆ ಸಾವಿರಗಟ್ಟಲೆ ಸುರಿಯುವುದು ಬೇಡ.

ಮೇಷ್ಟ್ರ ಮೊಣಕಾಲು 2025ರ ಮಾರ್ಚ್‌ನಲ್ಲಿ ಕೈಕೊಟ್ಟಿತು, ನಮ್ಮ ಮೊದಲ ಮಹಡಿ ಹತ್ತಲಾರರು. ಈಗ ವಾರಕ್ಕೆ ಎರಡು ಸಂಜೆ ಮಗನೇ ನಾಲ್ಕು ಮನೆ ಆಚೆಗಿರುವ ಅವರ ಮನೆಗೆ ಹೋಗುತ್ತಾನೆ. ಮಗಳಿಗೆ ಟ್ಯೂಷನ್ ನಿಲ್ಲಿಸಿದ್ದೇವೆ, ರಾತ್ರಿ ಅಜ್ಜಿಗೆ ಇಂಗ್ಲಿಷ್ ಕಥೆ ಓದಿ ಹೇಳುತ್ತಾಳೆ. ಅತ್ತೆಗೆ ಇಂಗ್ಲಿಷ್ ಬಾರದು, ನಡುನಡುವೆ ‘ಹಾಗೆಂದರೇನೇ?’ ಎಂದು ಕೇಳುತ್ತಾರೆ, ಇವಳು ಬಿಡಿಸಿ ಹೇಳುತ್ತಾಳೆ. ಕಡ್ಡಿಯ ಕಟ್ಟುಗಳು ಮಾತ್ರ ಇನ್ನೂ ಟಿವಿ ಕಪಾಟಿನ ಮೇಲಿವೆ, ಒಂದು ಕಟ್ಟಿಗೆ ರಬ್ಬರ್ ಬ್ಯಾಂಡ್ ಇಲ್ಲ.