ಏಳು ವರ್ಷದಿಂದ ಬೈಕನ್ನು ರೈಲಿಗೆ ಹತ್ತಿಸುತ್ತಿದ್ದೇನೆ: ಎಲ್ಲಾ ಸರಿ, ಪೆಟ್ರೋಲ್ ಒಂದು ಬಿಟ್ಟು

ಮೊದಲು ಬೈಯುವುದನ್ನು ಬೈದುಬಿಡುತ್ತೇನೆ. ಬೈಕನ್ನು ರೈಲಿಗೆ ಹಾಕಬೇಕಾದರೆ ಟ್ಯಾಂಕ್ ಪೂರ್ತಿ ಖಾಲಿ ಇರಬೇಕು. ಬೆಂಕಿಯ ಭಯ, ನಿಯಮ ಸರಿಯೇ ಇದೆ, ಒಪ್ಪುತ್ತೇನೆ. ಬಾಟಲಿಗೆ ತುಂಬಿಕೊಂಡು ನಾವು ಕೂತ ಬೋಗಿಯಲ್ಲಿ ಒಯ್ಯುವುದಂತೂ ಅಪರಾಧ. ಹಾಗಾಗಿ ಬೆಳಗ್ಗೆ ಬೆಂಗಳೂರಲ್ಲಿ ಇಳಿದು, ನಿದ್ದೆಗಣ್ಣಲ್ಲೇ ಬೈಕ್ ಬಿಡಿಸಿಕೊಂಡು, ಬಂಕ್ ಸಿಗುವವರೆಗೆ ತಳ್ಳಬೇಕು. ಬೆನ್ನಿಗೆ ಬ್ಯಾಗು, ಹ್ಯಾಂಡಲ್‌ಗೆ ರೊಟ್ಟಿ ಗಂಟು. ಬೆಂಗಳೂರಿನ ರಸ್ತೆ ಎಲ್ಲೆಲ್ಲಿ ಏರಿದೆ ಅಂತ ಓಡಿಸುವವರಿಗೆ ಗೊತ್ತಾಗಲ್ಲ, ತಳ್ಳುವವರಿಗೆ ಗೊತ್ತು.

ನಾನು ಕಲಬುರಗಿ ಜಿಲ್ಲೆಯವನು, ಕೆಲಸ ಬೆಂಗಳೂರಲ್ಲಿ. ಡಿಸೆಂಬರ್ ಬಂತೆಂದರೆ ತೊಗರಿ ರಾಶಿಗೆ ಊರಿಗೆ ಹೋಗಲೇಬೇಕು. ಊರಿಂದ ಹೊಲ ನಾಲ್ಕು ಕಿಲೋಮೀಟರ್. ಬೈಕ್ ಇಲ್ಲದಿದ್ದರೆ ದಿನಾ ಒಬ್ಬರ ಹಿಂದೆ ಬೀಳಬೇಕು. ಅದಕ್ಕೆ 2018ರಿಂದ ವರ್ಷಕ್ಕೊಮ್ಮೆ ಬೈಕನ್ನೂ ಕರೆದುಕೊಂಡು ಹೋಗಿ, ವಾಪಸ್ ಕರೆತರುತ್ತೇನೆ. ಕೊರೋನಾ ವರ್ಷ ಮಾತ್ರ ತಪ್ಪಿತು.

ಓಡಿಸಿಕೊಂಡೇ ಹೋಗಬಹುದಲ್ವಾ ಅಂತ ಕೇಳುತ್ತಾರೆ. ಲೆಕ್ಕ ಹಾಕಿದರೆ ಅದೇ ಅಗ್ಗ. ಸುಮಾರು ಆರುನೂರು ಕಿಲೋಮೀಟರಿಗೆ ನನ್ನ ಬೈಕ್ ಹನ್ನೆರಡು ಲೀಟರ್ ಕುಡಿಯುತ್ತದೆ. ರೈಲಿನಲ್ಲಿ ಕಳೆದ ಜನವರಿಯಲ್ಲಿ ಬಾಡಿಗೆ, ಹಮಾಲಿ ಎಲ್ಲಾ ಸೇರಿ ಎರಡು ಸಾವಿರದ ಹತ್ತಿರ ಬಂತು. ಆದರೆ ಒಂದು ಸಲ ಓಡಿಸಿಕೊಂಡು ಹೋಗಿ, ಮೂರು ದಿನ ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದೆ. ಆ ಖರ್ಚು ಯಾವ ಲೆಕ್ಕದಲ್ಲಿ ಬರೆಯಲಿ?

ಬುಕಿಂಗ್ ಬಗ್ಗೆ ಜಾಸ್ತಿ ಹೇಳಲ್ಲ. ಆರ್‌ಸಿ, ಇನ್ಶೂರೆನ್ಸ್, ಗುರುತಿನ ಚೀಟಿ, ಇವುಗಳ ಜೆರಾಕ್ಸ್ ಇರಲಿ. ಟಿಕೆಟ್ ತೋರಿಸಿ ಲಗೇಜ್ ಅಂತ ಮಾಡಿಸಿ. ಆಗ ಬೈಕ್ ನಿಮ್ಮ ರೈಲಿನಲ್ಲೇ ಬರುತ್ತದೆ. ಪಾರ್ಸೆಲ್ ಅಂತ ಮಾಡಿಸಿದರೆ ಅದು ಬಂದಾಗ ಬರುತ್ತದೆ. ಬಿಡಿಸಿಕೊಳ್ಳಲು ತಡ ಮಾಡಿದರೆ ಗಂಟೆ ಲೆಕ್ಕದಲ್ಲಿ ವಾರ್ಫೇಜ್ ಅಂತ ತಡದ ಶುಲ್ಕ ಬೀಳುತ್ತದೆ. ಇಷ್ಟೇ.

ನನಗೆ ಖುಷಿ ಕೊಡುವುದು ಪ್ಯಾಕಿಂಗ್. ಸ್ಟೇಷನ್ ಹೊರಗೆ ದುಡ್ಡು ಕೊಟ್ಟರೆ ಹತ್ತು ನಿಮಿಷದಲ್ಲಿ ಸುತ್ತಿಕೊಡುತ್ತಾರೆ. ನಾನು ಕೊಡಲ್ಲ. ಊರಿಂದ ಹೊರಡುವ ದಿನ ಮಧ್ಯಾಹ್ನ ಮನೆ ಮುಂದಿನ ಫರ್ಸಿ ಮೇಲೆ ಬೈಕ್ ನಿಲ್ಲಿಸಿ ಕೂತರೆ ಸಂಜೆವರೆಗೆ ಅದೇ ಕೆಲಸ. ಕನ್ನಡಿ ಎರಡೂ ಬಿಚ್ಚಿ ಬ್ಯಾಗಿಗೆ. ಇಂಡಿಕೇಟರ್‌ಗಳಿಗೆ ಹಳೇ ಬನಿಯನ್ ಸುತ್ತಬೇಕು. ಟ್ಯಾಂಕ್ ಮತ್ತು ಹೆಡ್‌ಲೈಟ್ ಮೇಲೆ ಅವ್ವ ಹೊಲಿದ ಹಳೇ ಕೌದಿ. ಅದರ ಮೇಲೆ ತೊಗರಿ ತುಂಬಿದ್ದ ಗೋಣಿಚೀಲ. ಆಮೇಲೆ ದಬ್ಬಣ, ಸುತಳಿ. ಹಿಂದೆ ಮುಂದೆ ಎರಡು ರಟ್ಟು ಕಟ್ಟಿ, ಹೆಸರು, ಎಲ್ಲಿಂದ ಎಲ್ಲಿಗೆ ಅಂತ ದಪ್ಪ ಅಕ್ಷರದಲ್ಲಿ ಬರೆಯಬೇಕು. ಬೆಂಗಳೂರಲ್ಲಿ ಬಿಚ್ಚಿದಾಗ ಚೀಲದ ಸಂದಿಯಿಂದ ನಾಲ್ಕು ತೊಗರಿ ಕಾಳು ಉದುರುತ್ತವೆ. ಸುಮ್ನೆ ಆರಿಸಿ ಜೇಬಿಗೆ ಹಾಕಿಕೊಳ್ಳುತ್ತೇನೆ.

ಈ ಕೌದಿಯ ದೆಸೆಯಿಂದ ಇವತ್ತಿನವರೆಗೆ ಟ್ಯಾಂಕಿಗೆ ಒಂದು ಗೀರು ಬಿದ್ದಿಲ್ಲ. 2022ರಲ್ಲಿ ಒಮ್ಮೆ ಬೈಕ್ ಬಂತು, ಕೌದಿ ಬರಲಿಲ್ಲ. ಚೀಲ ಇದೆ, ಸುತಳಿ ಇದೆ, ಒಳಗಿನ ಕೌದಿ ಮಾತ್ರ ಮಾಯ. ಚಳಿಗಾಲ ಬೇರೆ, ಯಾರಿಗೋ ಬೇಕಾಗಿತ್ತೇನೋ. ಅವ್ವನಿಗೆ ಇನ್ನೂ ಹೇಳಿಲ್ಲ.

ಪೆಟ್ರೋಲ್ ತೆಗೆಯುವುದು ಕೊನೆಗೆ, ಸ್ಟೇಷನ್ ಹತ್ತಿರವೇ. ಅಷ್ಟೊತ್ತಿಗೆ ನಮ್ಮ ಭಾವ ಹಾಜರು. ನನ್ನನ್ನು ಬೀಳ್ಕೊಡಲು ಬರುತ್ತಾರೆ ಅಂತ ಮೊದಲ ಎರಡು ವರ್ಷ ನಂಬಿದ್ದೆ. ಕೈಯಲ್ಲಿ ಪೈಪು, ಕ್ಯಾನು. ನಾನೂ ಜಾಣನಾಗಿ ಹೊರಡುವ ವಾರ ಐವತ್ತು ರೂಪಾಯಿ, ನೂರು ರೂಪಾಯಿಯಂತೆ ಹಾಕಿಸಿ ಓಡಿಸುತ್ತೇನೆ. ಹೋದ ಸಲ ಕ್ಯಾನ್ ಎತ್ತಿ ನೋಡಿ, "ಈ ಸಲ ಭಾಳ ಕಡಿಮಿ ಅದಲ್ಲೋ ತಮ್ಮಾ" ಅಂದರು. ಆಮೇಲೆ ಪಾರ್ಸೆಲ್ ಆಫೀಸಿನವರು, "ಗಾಡಿ ಒಮ್ಮಿ ಅಳಗಾಡಸ್ರಿ" ಅನ್ನುತ್ತಾರೆ. ನಾನು ಅಲ್ಲಾಡಿಸುತ್ತೇನೆ, ಅವರು ಕಿವಿ ಕೊಡುತ್ತಾರೆ. ಒಳಗೆ ಗುಳುಗುಳು ಅಂದರೆ ಮತ್ತೆ ಭಾವನ ಹತ್ತಿರ.

ರೈಲು ಹೊರಟ ಮೇಲೂ ನನಗೆ ನೆಮ್ಮದಿ ಇಲ್ಲ. ಯಾದಗಿರಿಯಲ್ಲಿ ಇಳಿದು ಲಗೇಜ್ ಬೋಗಿ ಕಡೆ ನೋಡುತ್ತೇನೆ. ರಾಯಚೂರಲ್ಲಿ ಮತ್ತೆ ನೋಡುತ್ತೇನೆ. ಬಾಗಿಲಿಗೆ ಬೀಗ, ಒಳಗೇನೂ ಕಾಣಲ್ಲ. ಆದರೂ ನೋಡಿ, ಚಹಾ ಕುಡಿದು ಬಂದರೆ ನಿದ್ದೆ ಬರುತ್ತದೆ.

ತಳ್ಳುವ ಕಥೆ ಪೂರ್ತಿ ಕೆಟ್ಟದು ಅಂತಲೂ ಹೇಳಲಾರೆ. ಹೋದ ಜನವರಿಯಲ್ಲಿ ಸ್ಟೇಷನ್ ಹೊರಗೆ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಹಿಡಿದು ನಿಂತವನೊಬ್ಬ ಅರ್ಧ ಲೀಟರಿಗೆ ಇನ್ನೂರು ಕೇಳಿದ. ಬೇಡ ಅಂತ ತಳ್ಳಿಕೊಂಡು ಹೊರಟೆ. ಮುಂದೆ ಇನ್ನೊಬ್ಬ ತಳ್ಳುತ್ತಿದ್ದ. ಅವನ ಸೈಲೆನ್ಸರಿಗೆ ಗೋಣಿ ತಟ್ಟು ಇನ್ನೂ ಅಂಟಿಕೊಂಡಿತ್ತು. "ಎಲ್ಲಿಂದ್ರಿ?" ಅಂದೆ. "ಶಹಾಬಾದ್ರಿ" ಅಂದ. ಬಂಕ್ ಬರುವವರೆಗೆ ಇಬ್ಬರೂ ತೊಗರಿ ರೇಟು ಮಾತಾಡಿದೆವು. ಬಂಕಿನವನು ನಮ್ಮನ್ನು ನೋಡಿ, "ಕಲಬುರಗಿ ರೈಲಾ ಸಾರ್?" ಅಂತ ಕೇಳಿದ.

ಎರಡು ವರ್ಷದ ಹಿಂದೆ ಒಂದು ಹಳೇ ಕಾರು ತಗೊಂಡೆ. ಮನೆಯಲ್ಲಿ ಐದು ಜನ, ಬೈಕಿನಲ್ಲಿ ಆಗಲ್ಲ. ಆಗ ಶುರುವಾಯ್ತು ಹೊಟ್ಟೆಕಿಚ್ಚು. 2025ರ ಆಗಸ್ಟ್‌ನಲ್ಲಿ, ಗಣೇಶ ಹಬ್ಬದ ಹೊತ್ತಿಗೆ, ಕೊಂಕಣ ರೈಲ್ವೆಯವರು ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ಣಾಕ್ಕೆ ಜನರ ಕಾರುಗಳನ್ನೇ ರೈಲಿನಲ್ಲಿ ಒಯ್ಯಲು ಶುರು ಮಾಡಿದರು. 1999ರಿಂದ ರೈಲಿನ ಮೇಲೆ ಲಾರಿ ಹೊತ್ತು ಅಭ್ಯಾಸ ಇತ್ತು ಅವರಿಗೆ. ಒಂದು ರೈಲಿಗೆ 40 ಕಾರು, ಒಂದು ಕಾರಿಗೆ ಆಗ 7,875 ರೂಪಾಯಿ ಇತ್ತು. ಸಂಜೆ ಐದಕ್ಕೆ ಬಿಟ್ಟರೆ ಬೆಳಗ್ಗೆ ಐದಕ್ಕೆ ತಲುಪುವ ಲೆಕ್ಕವಿತ್ತು. ಕಾರಿನವರು ಅದೇ ರೈಲಿನ ಬೋಗಿಯಲ್ಲಿ ಟಿಕೆಟ್ ತಗೊಂಡು ಕೂರಬೇಕಿತ್ತು, ಒಂದು ಕಾರಿಗೆ ಮೂರೇ ಜನ. ನಮ್ಮ ಮನೆಯಲ್ಲಾದರೆ ಇಬ್ಬರನ್ನು ಬಿಟ್ಟು ಹೋಗಬೇಕು. ಯಾರನ್ನು ಅಂತ ಇಲ್ಲಿ ಬರೆಯುವುದು ಒಳ್ಳೆಯದಲ್ಲ.

ಅಂಥದ್ದೊಂದು ಕಲಬುರಗಿ–ಬೆಂಗಳೂರಿಗೆ ಬೇಕು ಅನ್ನುವುದು ನನ್ನ ಆಸೆ. ಏಳು ವರ್ಷ ಪಾರ್ಸೆಲ್ ಆಫೀಸಿನ ಮುಂದೆ ನಿಂತವನಾಗಿ ಅದರ ಕಷ್ಟವೂ ಗೊತ್ತು. ಬೈಕನ್ನು ಇಬ್ಬರು ಹಮಾಲರು ಎರಡು ನಿಮಿಷದಲ್ಲಿ ಎತ್ತಿ ಒಳಗೆ ದೂಡುತ್ತಾರೆ. ಕಾರಿಗೆ ಇಳಿಜಾರು ಕಟ್ಟೆ ಬೇಕು, ಬೇರೆ ಹಳಿ ಬೇಕು, ಒಂದರ ಹಿಂದೆ ಒಂದು ಹತ್ತಿಸಿ ಚಕ್ರ ಬಿಗಿಯಬೇಕು. ನಮ್ಮಲ್ಲಿ ಐದು ನಿಮಿಷ ನಿಂತು ಹೋಗುವ ರೈಲಿನಲ್ಲಿ ಅದಾಗುವ ಮಾತಲ್ಲ. ಕೊಂಕಣದಲ್ಲೂ ಹದಿನಾರು ಕಾರಾದರೂ ಬುಕ್ ಆಗದಿದ್ದರೆ ರೈಲು ಬಿಡಲ್ಲ ಅಂದಿದ್ದರು. ಅಮೆರಿಕದಲ್ಲಿ ವರ್ಜೀನಿಯಾದ ಲಾರ್ಟನ್‌ನಿಂದ ಫ್ಲೋರಿಡಾದ ಸ್ಯಾನ್‌ಫೋರ್ಡ್‌ಗೆ ಇಂಥದ್ದು 1971ರಲ್ಲೇ ಶುರುವಾಯ್ತು. ನಡೆಸುತ್ತಿದ್ದ ಖಾಸಗಿ ಕಂಪನಿ ಹತ್ತೇ ವರ್ಷಕ್ಕೆ ಮುಚ್ಚಿತು. 1983ರಲ್ಲಿ ಅಲ್ಲಿನ ಸರ್ಕಾರಿ ರೈಲು ಕಂಪನಿ ಆಮ್‌ಟ್ರ್ಯಾಕ್ ಕೈಗೆತ್ತಿಕೊಂಡು ಇವತ್ತಿಗೂ ಓಡಿಸುತ್ತಿದೆ, ಆದರೆ ಆ ಒಂದೇ ದಾರಿಯಲ್ಲಿ.

ಕಿಟಕಿ ಮುಚ್ಚಿದ ಹಳೇ ಬೋಗಿಗಳ ಗೂಡ್ಸ್ ನೋಡಿರಬಹುದು ನೀವು. ಪ್ಯಾಸೆಂಜರ್ ಬೋಗಿಗೆ ವಯಸ್ಸಾದ ಮೇಲೆ ತುದಿಗೆ ಬಾಗಿಲು ಇಟ್ಟು, ಫ್ಯಾಕ್ಟರಿಯ ಹೊಸ ಕಾರು ಸಾಗಿಸಲು ಬಳಸುತ್ತಾರೆ. ಶೋರೂಮಿಗೆ ಹೋಗುವ ಕಾರಿಗೆ ರೈಲಿದೆ, ನನ್ನ ಹಳೇ ಕಾರಿಗೆ ಇಲ್ಲ. 2024ರಲ್ಲಿ ನಮ್ಮೂರಿಗೆ ವಂದೇ ಭಾರತ್ ಬಂತು. ಚೆನ್ನಾಗಿದೆ, ಆದರೆ ಅದರಲ್ಲಿ ಬೈಕ್ ಕೂಡ ಹೋಗಲ್ಲ.

ಹಾಗಾಗಿ ಈ ಡಿಸೆಂಬರ್‌ಗೂ ಬೈಕೇ. ಮೊನ್ನೆ ಫೋನಿನಲ್ಲಿ ಭಾವನಿಗೆ ಕಾರು ಹೊರುವ ರೈಲಿನ ಸುದ್ದಿ ಹೇಳಿದೆ. ಎಲ್ಲಾ ಕೇಳಿಸಿಕೊಂಡರು. ಬಾಡಿಗೆ ಎಷ್ಟು ಅಂತ ಕೇಳಲಿಲ್ಲ, ಯಾವಾಗ ಬರುತ್ತೆ ಅಂತಲೂ ಕೇಳಲಿಲ್ಲ.

"ನಿನ್ ಕಾರಿನ ಟ್ಯಾಂಕ್ ಎಷ್ಟ್ ಲೀಟರ್ ಹಿಡಿತದೋ ತಮ್ಮಾ?" ಅಂದರು.