ಮೋಟಾರ್ ಶೇಡ್ ನಾನೇ ಕೂರಿಸಿ ಮೂರು ವರ್ಷ: ಬಳಸಿದ ಮೇಲೆ ಗೊತ್ತಾಗಿದ್ದು

ಮನೆಯ ಐದು ಕಿಟಕಿಗಳಿಗೆ ಬ್ಯಾಟರಿ ಮೋಟಾರಿನ ರೋಲರ್ ಶೇಡ್ (ಕೊಳವೆಗೆ ಸುತ್ತಿಕೊಳ್ಳೋ ಬಟ್ಟೆಯ ಪರದೆ) ಹಾಕಿ ಮೂರು ವರ್ಷ ಆಯ್ತು. ಅಳತೆ ತೆಗೆಯೋದರಿಂದ ಹಿಡಿದು ರಿಮೋಟ್ ಜೋಡಿಸೋವರೆಗೆ ಎಲ್ಲ ನಾನೇ ಮಾಡಿದ್ದು. ಹೊಸದರಲ್ಲಿ ಎಲ್ಲ ಶೇಡೂ ಚೆನ್ನಾಗಿಯೇ ಇರುತ್ತೆ. ಎರಡು ಬೇಸಿಗೆ ಕಳೆದ ಮೇಲೆ ಹೇಗಿದೆ ಅನ್ನೋದು ಮುಖ್ಯ, ಅದಕ್ಕೇ ಇಷ್ಟು ದಿನ ಕಾದು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಮೋಟಾರ್ ಸುಲಭದ ಭಾಗ, ಕಷ್ಟ ಇರೋದು ಅಳತೆ ಮತ್ತು ಮಟ್ಟದಲ್ಲಿ.

ಹಾಕಿದ ಕಾರಣ ನನ್ನ ಮಗಳು. ಹಳೆ ಶೇಡನ್ನು ಎಳೆದು ಏರಿಸಿ ಇಳಿಸೋ ಮಣಿಸರ ಉದ್ದಕ್ಕೆ ಜೋತುಬಿದ್ದಿರುತ್ತಿತ್ತು. ಒಂದು ದಿನ ಅದನ್ನು ಹಾರದ ಹಾಗೆ ಕೊರಳಿಗೆ ಹಾಕಿಕೊಂಡು ನಿಂತಿದ್ದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನವೇ ಎಲ್ಲ ಸರಗಳನ್ನೂ ಎತ್ತಿ ಕಟ್ಟಿ, ದಾರವೇ ಇಲ್ಲದ ಶೇಡ್ ಹುಡುಕಲು ಶುರು ಮಾಡಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಒಂದು ಕಾರಣವೇ ಸಾಕು.

ಈಗ ಅಳತೆ. ಚೌಕಟ್ಟಿನ ಒಳಗೆ ಕೂರಿಸೋದಾದರೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ, ಅದರಲ್ಲಿ ಕಡಿಮೆ ಬಂದದ್ದನ್ನು ಹಿಡಿಯಿರಿ. ನನ್ನ ಒಂದು ಕಿಟಕಿಯಲ್ಲಿ ಮೇಲಕ್ಕೂ ಕೆಳಕ್ಕೂ 9 ಮಿಲಿಮೀಟರ್ ವ್ಯತ್ಯಾಸ ಇತ್ತು, ಕಣ್ಣಿಗೆ ಗೊತ್ತೇ ಆಗ್ತಿರಲಿಲ್ಲ. ಇನ್ನೊಂದು ವಿಷಯ, ಬಟ್ಟೆಯ ಅಗಲ ಯಾವಾಗಲೂ, ಕೊಳವೆಯ ಎರಡೂ ತುದಿ ಹಿಡಿಯೋ ಬ್ರಾಕೆಟ್‌ನಿಂದ ಬ್ರಾಕೆಟ್‌ಗೆ ಇರೋ ಅಗಲಕ್ಕಿಂತ ಕಡಿಮೆ, ಯಾಕಂದ್ರೆ ಒಂದು ತುದಿಯಲ್ಲಿ ಮೋಟಾರಿನ ತಲೆ, ಇನ್ನೊಂದು ತುದಿಯಲ್ಲಿ ತಿರುಗೋ ಪಿನ್ ಜಾಗ ತಿನ್ನುತ್ತವೆ. ಹಾಗಾಗಿ ಎರಡೂ ಬದಿಯಲ್ಲಿ ಬೆಳಕಿನ ಗೆರೆ ಬಂದೇ ಬರುತ್ತೆ. ಮಲಗೋ ಕೋಣೆಗೆ ಕತ್ತಲು ಬೇಕಿದ್ದರೆ ಚೌಕಟ್ಟಿನ ಹೊರಗೆ, ಗೋಡೆಗೇ ಕೂರಿಸಿ, ಪ್ರತಿ ಬದಿಗೂ ಐದಾರು ಸೆಂಟಿಮೀಟರ್ ಜಾಸ್ತಿ ಬಟ್ಟೆ ಬಿಡಿ. ನಾನು ಒಳಗೆ ಕೂರಿಸಿ, ಒಂದು ವರ್ಷ ಬೆಳಗಿನ ಬಿಸಿಲನ್ನು ಮುಖದ ಮೇಲೆ ಹೊಡೆಸಿಕೊಂಡು, ಆಮೇಲೆ ಬದಲಾಯಿಸಿದೆ.

ಕಿಟಕಿಯ ಮೇಲೆ ಕಾಂಕ್ರೀಟ್ ಲಿಂಟಲ್ ಇದ್ದರೆ ಸಾಮಾನ್ಯ ಡ್ರಿಲ್ ಸಾಕಾಗಲ್ಲ, ಹ್ಯಾಮರ್ ಡ್ರಿಲ್ಲೇ ಬೇಕು. ಒಳಗೆ ಕಬ್ಬಿಣ ಸಿಕ್ಕರೆ ಒತ್ತಬೇಡಿ, ತೂತನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ.

ಎರಡು ಬ್ರಾಕೆಟ್ ಒಂದೇ ಮಟ್ಟದಲ್ಲಿ ಇರಲೇಬೇಕು. ರಸಮಟ್ಟ ಇಟ್ಟು ನೋಡಿ, ಚೌಕಟ್ಟನ್ನು ನಂಬಬೇಡಿ. ನಾನು ಹಾಲ್‌ನಲ್ಲಿ ಚೌಕಟ್ಟಿನ ಅಂಚಿಗೆ ಸರಿಯಾಗಿ ಕೂರಿಸಿದೆ, ಅದೇ ಓರೆಯಾಗಿತ್ತು. ಮೊದಲ ತಿಂಗಳು ಏನೂ ಕಾಣಲಿಲ್ಲ. ಆಮೇಲೆ ಬಟ್ಟೆ ಸುತ್ತಿಕೊಳ್ಳುವಾಗ ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಎಡಕ್ಕೆ ಸರಿಯಲು ಶುರುವಾಯ್ತು. ಮೇಲೆ ಹೋಗೋ ಹೊತ್ತಿಗೆ ಅಂಚು ಬ್ರಾಕೆಟ್‌ಗೆ ಉಜ್ಜಿ ಸರ್ ಅನ್ನೋ ಸದ್ದು. ಒಂದು ದಿನ ಸ್ಟೂಲ್ ಹತ್ತಿ ನೋಡಿದರೆ ಎಡ ಅಂಚಿನ ನೂಲು ಬಿಟ್ಟುಕೊಂಡು ಜೂಲಿನ ಹಾಗೆ ನೇತಾಡುತ್ತಿತ್ತು. ಪರಿಹಾರ ತುಂಬ ಸರಳ. ಶೇಡನ್ನು ಪೂರ್ತಿ ಇಳಿಸಿ, ಬಟ್ಟೆ ಸರಿಯುತ್ತಿರೋ ದಿಕ್ಕಿಗೆ ಎದುರು ಬದಿಯಲ್ಲಿ, ಅಂದ್ರೆ ನನ್ನದಕ್ಕೆ ಬಲ ತುದಿಯಲ್ಲಿ, ಬರಿಯ ಕೊಳವೆಯ ಮೇಲೆ ಎರಡು ಬೆರಳಗಲದ ಪೇಪರ್ ಟೇಪ್ ತುಂಡು ಅಂಟಿಸಿದೆ. ಒಂದು ಸಾಲದೆ ಎರಡು ಪದರ ಬೇಕಾಯ್ತು. ಅಲ್ಲಿಂದ ಇವತ್ತಿನವರೆಗೂ ನೇರವಾಗಿ ಸುತ್ತುತ್ತಿದೆ. ಕತ್ತರಿಸಿದ ನೂಲಿನ ಜಾಗ ಮಾತ್ರ ಈಗಲೂ ಕಾಣುತ್ತೆ, ನೋಡಿದಾಗಲೆಲ್ಲ ಬೇಜಾರಾಗುತ್ತೆ.

ರಿಮೋಟ್ ಜೋಡಿಸುವಾಗ ಒಂದು ಸಲಕ್ಕೆ ಒಂದೇ ಮೋಟಾರ್ ಆನ್ ಮಾಡಿ. ನಾನು ಎರಡನ್ನೂ ಆನ್ ಇಟ್ಟಿದ್ದೆ, ಒಂದೇ ಬಟನ್‌ಗೆ ಎರಡೂ ಸೇರಿಕೊಂಡವು, ಬಿಡಿಸಲು ಅರ್ಧ ಸಂಜೆ ಹೋಯ್ತು. ಅಕ್ಕಪಕ್ಕದ ಶೇಡ್‌ಗಳ ಕೆಳ ಮಿತಿ (ಇಳಿದು ತಾನಾಗಿ ನಿಲ್ಲೋ ಜಾಗ) ಇಡುವಾಗ ಎರಡು ಕಿಟಕಿಗೂ ಅಡ್ಡಲಾಗಿ ಒಂದು ದಾರ ಬಿಗಿದು, ಕೆಳಪಟ್ಟಿಯನ್ನು ಆ ದಾರಕ್ಕೆ ತಂದು ನಿಲ್ಲಿಸಿ. ಇಲ್ಲದಿದ್ದರೆ ಒಂದು ಮೇಲೆ ಒಂದು ಕೆಳಗೆ ನಿಂತು ದಿನಾ ಕಣ್ಣಿಗೆ ಚುಚ್ಚುತ್ತೆ.

ನನ್ನ ಮೋಟಾರ್‌ಗಳು 433 ಮೆಗಾಹರ್ಟ್ಸ್ ರಿಮೋಟಿನವು. ರಿಮೋಟಿನ ಮಟ್ಟಿಗೆ ಏನೂ ದೂರಿಲ್ಲ, ಗೋಡೆ ದಾಟಿ ಕೆಲಸ ಮಾಡುತ್ತೆ. ಆದರೆ ಇವು ಆಜ್ಞೆ ಕೇಳುತ್ತವೆ, ಉತ್ತರ ಹೇಳಲ್ಲ. ರಿಮೋಟಿನಿಂದ ಇಳಿಸಿದರೂ ಫೋನಿನ ಆಪ್‌ನಲ್ಲಿ ತೆರೆದಿದೆ ಅಂತಲೇ ಇರುತ್ತೆ. ಶೇಡ್ ಎಲ್ಲಿ ನಿಂತಿದೆ ಅಂತ ಫೋನಿಗೆ ಗೊತ್ತಾಗಬೇಕಿದ್ದರೆ ಜಿಗ್ಬೀ ಅಥವಾ ಥ್ರೆಡ್ (ಆಜ್ಞೆ ಕೇಳಿ ಉತ್ತರವನ್ನೂ ಹೇಳೋ ವೈರ್ ಇಲ್ಲದ ಸಂಪರ್ಕಗಳು) ಮೋಟಾರ್ ತಗೊಳ್ಳಿ. ಬೇರೆ ಬೇರೆ ಕಂಪನಿಯ ಸ್ಮಾರ್ಟ್ ಸಾಧನಗಳು ಒಟ್ಟಿಗೆ ಕೆಲಸ ಮಾಡಲಿ ಅಂತ 2022ರಲ್ಲಿ ಬಂದ ಮಾನದಂಡ ಮ್ಯಾಟರ್‌ನಲ್ಲಿ ಮೊದಲ ಆವೃತ್ತಿಯಿಂದಲೇ ಕಿಟಕಿ ಶೇಡ್‌ಗಳಿಗೆ ಜಾಗ ಇದೆ, ಇವತ್ತು ಕೊಳ್ಳೋದಾದರೆ ನಾನು ಅದನ್ನೇ ನೋಡುತ್ತೇನೆ. ಬ್ಯಾಟರಿ ಮೋಟಾರಿಗೆ ವೈಫೈ ಬೇಡ, ಚಾರ್ಜ್ ಬೇಗ ಇಳಿಯುತ್ತೆ.

ಚಾರ್ಜ್ ವಿಷಯ ನಿಜವಾಗಿ ಹೇಳಬೇಕಂದ್ರೆ, ಮೊದಲ ವರ್ಷ ಆರು ತಿಂಗಳಿಗೊಮ್ಮೆ ಸಾಕಾಗುತ್ತಿತ್ತು. ಈಗ ಮಲಗೋ ಕೋಣೆಯ ಬೆಳಕು ತಡೆಯೋ ದಪ್ಪ ಬ್ಲ್ಯಾಕೌಟ್ ಬಟ್ಟೆಯದ್ದಕ್ಕೆ ಮೂರೂವರೆ ತಿಂಗಳಿಗೇ ಬೇಕು. ಬಟ್ಟೆಯ ತೂಕ, ಬ್ಯಾಟರಿಯ ವಯಸ್ಸು ಎರಡೂ ಸೇರಿ ಹೀಗಾಗಿದೆ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಬಿಸಿಲು ಬೀಳೋ ಗಾಜಿನ ಹತ್ತಿರ ಮಧ್ಯಾಹ್ನ ಅಷ್ಟು ಬಿಸಿ ಆಗೋದು ಕಷ್ಟವೇನಲ್ಲ, ಅದಕ್ಕೆ ನಾನು ಚಾರ್ಜರ್ ಹಾಕೋದು ರಾತ್ರಿ ಮಾತ್ರ. ಸೋಲಾರ್ ಪಟ್ಟಿ ಎರಡು ಕಿಟಕಿಗೆ ಹಾಕಿದೆ. ನೇರ ಬಿಸಿಲು ಬೀಳೋ ಕಡೆ ಎರಡು ವರ್ಷದಿಂದ ಚಾರ್ಜರ್ ಮುಟ್ಟಿಲ್ಲ. ನೆರಳಿನ ಕಡೆಯದು ಏನೂ ಉಪಯೋಗಕ್ಕೆ ಬರಲಿಲ್ಲ, ತೆಗೆದಿಟ್ಟೆ.

ಎರಡನೇ ವರ್ಷ ಒಂದು ಮೋಟಾರ್ ಕೆಳ ಮಿತಿಯನ್ನೇ ಮರೆಯಿತು. ಬಟ್ಟೆ ಪೂರ್ತಿ ಬಿಚ್ಚಿಕೊಂಡರೂ ಕೊಳವೆ ನಿಲ್ಲದೆ ತಿರುಗಿ, ಅದನ್ನು ಹಿಂದುಮುಂದಾಗಿ ಸುತ್ತಿಬಿಟ್ಟಿತು. ಮಾರಿದವರು ಮೂರು ಸಲ ಬರೆದ ಮೇಲೆ ಉತ್ತರ ಕೊಟ್ಟರು, ಅದೂ ಇಡೀ ಶೇಡ್ ಮತ್ತೆ ಕೊಳ್ಳಿ ಅಂತ. ಬೇಕಾಗಿರಲಿಲ್ಲ. ಕೊಳವೆ 38 ಮಿಲಿಮೀಟರಿನದು, ಆ ಅಳತೆಗೆ ಬೇರೆ ಕಡೆಯ ಮೋಟಾರ್ ಸಿಕ್ಕಿತು, ಹಳೆಯದನ್ನು ಎಳೆದು ಹೊಸದನ್ನು ತಳ್ಳಿದ್ದಕ್ಕೆ ಹತ್ತು ನಿಮಿಷ. ಕೊಳ್ಳುವ ಮೊದಲು ಕೊಳವೆಯ ಅಳತೆ ಕೇಳಿ, ಮೋಟಾರ್ ಬಿಡಿಯಾಗಿ ಸಿಗುತ್ತಾ ಅಂತಲೂ ಕೇಳಿ.

ಸದ್ದು ಇದೆ, ಜಾಸ್ತಿ ಅಲ್ಲ. ಮರದ ಚೌಕಟ್ಟಿನಲ್ಲಿ ಗುಂಯ್ ಅಂತ ಕೇಳಿಸುತ್ತಿತ್ತು, ಬ್ರಾಕೆಟ್ ಹಿಂದೆ ತೆಳ್ಳನೆ ರಬ್ಬರ್ ಇಟ್ಟ ಮೇಲೆ ಕಡಿಮೆ ಆಯ್ತು.

ಮೆಟ್ಟಿಲಿನ ಮೇಲಿನ ಎತ್ತರದ ಕಿಟಕಿಯೊಂದು ಬಾಕಿ ಇದೆ. ಅದಕ್ಕೆ ಬ್ಯಾಟರಿಯದು ಹಾಕಲ್ಲ, ಚಾರ್ಜ್ ಮಾಡಲು ಪ್ರತಿ ಸಲ ಏಣಿ ಹತ್ತೋದು ಆಗದ ಮಾತು. ಮುಂದಿನ ಸಲ ಗೋಡೆಗೆ ಬಣ್ಣ ಹೊಡೆಸುವಾಗ ವೈರ್ ಎಳೆಸಿಕೊಂಡು ವೈರಿನ ಮೋಟಾರ್ ಹಾಕುತ್ತೇನೆ.