ಎಸ್ಟೋನಿಯನ್‌ನಲ್ಲಿ ‘ರೆಡಿನಾ?’ ಅಂತ ಕೇಳಲು: ದುಡ್ಡಿನ ಆ್ಯಪ್, ಸಂಜೆ ಕ್ಲಾಸ್, ಪುಕ್ಕಟೆ ಕೇಲೆಕ್ಲಿಕ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೇಲೆಕ್ಲಿಕ್‌ಗೆ. ಅದು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುವ ಎಸ್ಟೋನಿಯನ್ ಕೋರ್ಸ್. ಅದರ ಜೊತೆಗೆ ಬಾಯಿ ಬಿಟ್ಟು ಮಾತಾಡಲು ಕೇಲೆಕೊಹ್ವಿಕ್, ಅಂದರೆ ಭಾಷಾ ಕೆಫೆ. ಒಂದು ವರ್ಷದ ಚಂದಾ ಕಟ್ಟಿದ ಆ್ಯಪ್ ಫೋನಿನಲ್ಲಿ ಸುಮ್ನೆ ಕೂತಿದೆ.

ನನಗೆ ಬೇಕಿದ್ದದ್ದು ಜಾಸ್ತಿ ಏನೂ ಅಲ್ಲ. ಎಸ್ಟೋನಿಯಾದ ರಾಜಧಾನಿ ತಾಲಿನ್‌ನಲ್ಲಿ ಮಗಳು ಹೋಗುವ ಲಾಸ್ತೆಆಯ್ದ್, ನಮ್ಮ ಶಿಶುವಿಹಾರದ ಥರ. ಚಳಿಗಾಲದಲ್ಲಿ ಅಲ್ಲಿ ಬಟ್ಟೆ ಹಾಕಿಸುವುದೇ ದೊಡ್ಡ ಕೆಲಸ. ಮೊದಲು ಉಣ್ಣೆ ಕಾಲುಚೀಲ, ಮೇಲಿಂದ ಕೆಳಗಿನವರೆಗೆ ಒಂದೇ ಆದ ದಪ್ಪ ಹಿಮದ ಸೂಟು, ಟೋಪಿ, ಬೂಟು. ಕೊನೆಗೆ ಕೈಗವಸು, ಅದೂ ಒಂದೇ ಸಿಗುತ್ತದೆ. ಟೀಚರ್ ಬಾಗಿಲಲ್ಲಿ ನಿಂತು ‘ಕಸ್ ಕೊಯ್ಕ್ ಒನ್ ವಲ್ಮಿಸ್?’ ಅನ್ನುತ್ತಾರೆ. ಎಲ್ಲರೂ ರೆಡಿನಾ ಅಂತ. ಅದಕ್ಕೆ ಉತ್ತರ ಕೊಡಬೇಕು, ನಾನೂ ನಾಲ್ಕು ಮಾತು ಕೇಳಬೇಕು. ಅಷ್ಟೇ.

ಭಾಷೆ ಕಲಿಸುವ ಡ್ಯುಯೊಲಿಂಗೋ ಆ್ಯಪ್‌ನಲ್ಲಿ ಪಕ್ಕದ ದೇಶದ ಫಿನ್ನಿಶ್ ಇದೆ, ಎಸ್ಟೋನಿಯನ್ ಇಲ್ಲ. ಇಡೀ ಎಸ್ಟೋನಿಯಾದಲ್ಲಿ 14 ಲಕ್ಷ ಜನರೂ ಇಲ್ಲ, ಅವರನ್ನು ದೂರಿ ಏನು ಮಾಡುವುದು. ಹಾಗಾಗಿ ದುಡ್ಡು ಕೊಟ್ಟು ಬೇರೊಂದು ಆ್ಯಪ್ ತಗೊಂಡೆ. ಹೆಸರು ಬೇಡ.

ಚಿತ್ರಗಳು ಚೆಂದ, ದನಿಯೂ ಚೆಂದ. ತಕರಾರು ಒಂದೇ, ಅದು ಎಲ್ಲವನ್ನೂ ಇಂಗ್ಲಿಷ್ ಮೂಲಕ ಕೇಳುತ್ತದೆ. ಪರದೆ ಮೇಲೆ ‘ಆರ್ ಯು ರೆಡಿ?’ ಅಂತ ಬರುತ್ತದೆ. ಎಸ್ಟೋನಿಯನ್‌ನಲ್ಲಿ ಇದಕ್ಕೆ ಎರಡು ರೂಪ ಇವೆ. ಗೆಳೆಯರಿಗೆ, ಮಕ್ಕಳಿಗೆ ‘ಕಸ್ ಸ ಒಲೆದ್ ವಲ್ಮಿಸ್?’ ಹಿರಿಯರಿಗೆ, ಗುರುತಿಲ್ಲದವರಿಗೆ, ಒಬ್ಬರಿಗಿಂತ ಜಾಸ್ತಿ ಜನರಿದ್ದರೆ ‘ಕಸ್ ತೆ ಒಲೆತೆ ವಲ್ಮಿಸ್?’ ನಮ್ಮ ನೀನು, ನೀವು ಇದ್ದ ಹಾಗೆಯೇ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಆದರೆ ಆ ಇಂಗ್ಲಿಷ್ ‘ಯು’ ನೋಡಿ ಯಾವುದನ್ನು ಬರೆಯಬೇಕು? ‘ಸ’ ಅಂತ ಬರೆದರೆ ಕೆಂಪು ಗೆರೆ, ‘ತೆ’ ಬೇಕಂತೆ. ಸರಿ ಅಂತ ಮುಂದಿನ ಪಾಠದಲ್ಲಿ ‘ತೆ’ ಬರೆದರೆ ಮತ್ತೆ ಕೆಂಪು ಗೆರೆ, ಈಗ ‘ಸ’ ಬೇಕಂತೆ. ಯಾರನ್ನು ಕೇಳುತ್ತಿದ್ದೇವೆ ಅನ್ನುವ ಸುಳಿವೇ ಕೊಡುವುದಿಲ್ಲ. ಎರಡೂ ಸರಿಯಾದ ಉತ್ತರ, ಅಂಕ ಮಾತ್ರ ಒಂದಕ್ಕೇ. ಕೊನೆಗೆ ನಾನು ಭಾಷೆ ಬಿಟ್ಟು ಆ್ಯಪ್ ಮನಸ್ಸಲ್ಲಿ ಏನಿದೆ ಅಂತ ಕಲಿಯುತ್ತಿದ್ದೆ.

ಇನ್ನೂ ಒಂದಿದೆ. ಇಲ್ಲಿನವರು ದಿನಾ ಅನ್ನುವುದು ಬರೀ ‘ಒಲೆದ್ ವಲ್ಮಿಸ್?’ ಯಾರಿಗೆ ಅನ್ನುವುದು ಕ್ರಿಯಾಪದದಲ್ಲೇ ಗೊತ್ತಾಗುತ್ತದೆ, ನಾವು ‘ಬಂದ್ಯಾ?’ ಅಂದ ಹಾಗೆ. ಇದು ಪ್ರಶ್ನೆ ಅಂತ ತೋರಿಸಲು ಮೊದಲಿಗೆ ಬರುವ ‘ಕಸ್’ ಕೂಡ ಹಾರಿಹೋಗುತ್ತದೆ. ಹಾಗೆ ಬರೆದರೆ ಆ್ಯಪ್‌ಗೆ ಅದೂ ತಪ್ಪು. ಸಹಾಯ ಕೇಂದ್ರಕ್ಕೆ ಬರೆದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಅಂತ ಉತ್ತರ ಬಂತು. ಅಲ್ಲಿಗೆ ಮುಗೀತು.

ಸಂಜೆ ಕ್ಲಾಸಿನ ಬಗ್ಗೆ ಹೇಳುವುದು ಕಡಿಮೆ. ಮೇಷ್ಟ್ರು ಒಳ್ಳೆಯವರು, ಶುಲ್ಕ ಜಾಸ್ತಿ, ಗಂಟೆ ಆರಕ್ಕೆ ಸರಿಯಾಗಿ ಮಗಳಿಗೆ ಹಸಿವು. ಎಸ್ಟೋನಿಯನ್‌ನ 14 ವಿಭಕ್ತಿಗಳನ್ನು ಬೋರ್ಡ್ ಮೇಲೆ ಸಾಲಾಗಿ ಬರೆದಾಗ ಅರ್ಧ ಕ್ಲಾಸ್ ಕಿಟಕಿ ನೋಡುತ್ತಿತ್ತು. ‘ವಲ್ಮಿಸ್’ಗೆ ವಿಭಕ್ತಿಯೂ ಇಲ್ಲ, ಬಹುವಚನವೂ ಇಲ್ಲ ಅಂತ ತಿಳಿದದ್ದು ಅಲ್ಲೇ. ಪೌರತ್ವಕ್ಕೆ ಬಿ1, ಅಂದರೆ ಮಧ್ಯಮ ಮಟ್ಟದ ಭಾಷಾ ಪರೀಕ್ಷೆ ಪಾಸಾಗಬೇಕು. ಅದಕ್ಕೆ ಕೂರುವವರಿಗೆ ಇಂಥ ಕ್ಲಾಸ್ ಬೇಕಾಗಬಹುದು.

ಕೇಲೆಕ್ಲಿಕ್ ಕೂಡ ಇಂಗ್ಲಿಷ್ ಅಥವಾ ರಷ್ಯನ್ ಮೂಲಕವೇ. ಆದರೆ ಅಲ್ಲಿ ಕಾರ್ಟೂನ್‌ನಂಥ ಸಣ್ಣ ಸಣ್ಣ ದೃಶ್ಯಗಳಿವೆ. ಯಾರು ಯಾರ ಹತ್ತಿರ ಮಾತಾಡುತ್ತಿದ್ದಾರೆ ಅಂತ ಕಣ್ಣಿಗೆ ಕಾಣುತ್ತದೆ. ‘ಸ’ನೋ ‘ತೆ’ನೋ ಅನ್ನುವ ಜಗಳವೇ ಹುಟ್ಟುವುದಿಲ್ಲ. ಬರವಣಿಗೆಯ ಅಭ್ಯಾಸವನ್ನು ಟೀಚರೊಬ್ಬರು ತಿದ್ದಿ ಕಳಿಸುತ್ತಾರೆ, ಮನುಷ್ಯರೇ. ಪಕ್ಕದ ಮನೆಯ ಅಜ್ಜಿಗೆ ಏನನ್ನಬೇಕು ಅಂತ ಒಮ್ಮೆ ಕೇಳಿದೆ. ಅವರಾಗಿ ‘ಸ’ ಅನ್ನು ಅಂತ ಹೇಳುವವರೆಗೂ ‘ತೆ’ ಅನ್ನಿ ಎಂದು ಬರೆದರು. ನನಗೆ ಬೇಕಿದ್ದದ್ದು ಆ ಒಂದು ಸಾಲು.

ಪದದ ಉಚ್ಚಾರ ಕೇಳಲು ಸೊನವೇಬ್ ಸಾಕು, ಎಸ್ಟೋನಿಯನ್ ಭಾಷಾ ಸಂಸ್ಥೆಯ ಪುಕ್ಕಟೆ ನಿಘಂಟು.

ಇನ್ನು ಕೆಫೆ. ಇಂಟಿಗ್ರೇಶನ್ ಫೌಂಡೇಶನ್ ಅನ್ನುವ ಸರ್ಕಾರಿ ಸಂಸ್ಥೆ ನಡೆಸುತ್ತದೆ, ದುಡ್ಡು ಕೊಡಬೇಕಿಲ್ಲ. ಸ್ವಲ್ಪ ಮಾತು ಬಂದ ಮೇಲೆ ಹೋದರೆ ಚೆನ್ನ. ನಾನು ಮೇಲೆ ‘ಕೊಯ್ಕ್’ ಅಂತ ಬರೆದೆನಲ್ಲ, ಅದು ನಿಜವಾಗಿ ‘ಕೊ’ ಅಲ್ಲ. ಆ ಸ್ವರಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. ‘ಓ’ ಅನ್ನುತ್ತಾ ನಾಲಿಗೆ ಅಲ್ಲೇ ಇಟ್ಟು ತುಟಿ ಮಾತ್ರ ನಗುವಂತೆ ಅಗಲ ಮಾಡಿ ಅಂತ ಎದುರು ಕೂತಿದ್ದವರು ಮಾಡಿ ತೋರಿಸಿದರು. ಆ್ಯಪ್‌ನ ಮೈಕು ಇದನ್ನು ಕಲಿಸಿರಲಿಲ್ಲ, ‘ಮತ್ತೆ ಹೇಳಿ’ ಅನ್ನುತ್ತಿತ್ತು ಅಷ್ಟೇ.

ಉತ್ತರಗಳು ಸಿಕ್ಕಿದ್ದೂ ಅಲ್ಲೇ. ‘ವೇಲ್ ಮಿತ್ತೆ’ ಅಂದರೆ ಇನ್ನೂ ಇಲ್ಲ. ‘ಕೊಹೆ’ ಅಂದರೆ ಈಗ ಬಂದೆ. ‘ಅಮ್ಮು ವಲ್ಮಿಸ್’ ಅಂದರೆ ಯಾವಾಗಲೋ ರೆಡಿ, ಇದನ್ನು ಮಗಳು ನನಗಿಂತ ಚೆನ್ನಾಗಿ ಅನ್ನುತ್ತಾಳೆ. ‘ಲ್ಯಾಹ್ಮೆ’ ಅಂದರೆ ಹೋಗೋಣ. ಹೋಟೆಲಿನಲ್ಲಿ ‘ವಲ್ಮಿಸ್’ಗೆ ಕಾದು ಕೂರಬೇಡಿ, ಅಲ್ಲಿ ‘ಕಸ್ ಒಲೆತೆ ಯುಬ ವಲಿನುದ್?’ ಅಂತ ಕೇಳುವುದೇ ರೂಢಿ, ಆರಿಸಿಕೊಂಡಿರಾ ಅಂತ. ಸೈಕಲ್ ರಿಪೇರಿಗೆ ಕೊಟ್ಟಾಗ ನೀವು ಕೇಳಬೇಕಾದ್ದು ‘ಮಿಲ್ಲಲ್ ಸೇ ವಲ್ಮಿಸ್ ಸಾಬ್?’ ಯಾವಾಗ ರೆಡಿಯಾಗುತ್ತದೆ ಅಂತ.

ರಾತ್ರಿ ಮಗಳು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆರೆಯುವ ಅಭ್ಯಾಸ ನನ್ನದು, ಕೇಲೆಕ್ಲಿಕ್ ಅದಕ್ಕೆ ಹೊಂದಿತು. ಟ್ರಾಮ್‌ನಲ್ಲಿ ನಿಂತುಕೊಂಡೇ ಕಲಿಯುವವರಿಗೆ ಆ್ಯಪ್ ಇಷ್ಟವಾದೀತು. ಹಾಗಿದ್ದರೂ ವರ್ಷದ ಚಂದಾ ಕಟ್ಟಬೇಡಿ, ತಿಂಗಳದ್ದು ತಗೊಳ್ಳಿ. ಪುಕ್ಕಟೆ ಅವಧಿ ಮುಗಿಯುವುದರೊಳಗೆ ‘ಆರ್ ಯು ರೆಡಿ?’ಗೆ ಒಮ್ಮೆ ‘ಸ’, ಒಮ್ಮೆ ‘ತೆ’ ಹಾಕಿ ನೋಡಿ. ಎರಡನ್ನೂ ಒಪ್ಪದಿದ್ದರೆ ಕಾರ್ಡ್ ನಂಬರ್ ಕೊಡಬೇಡಿ.